ಆಟಕ್ಕುಂಟು, ಲೆಕ್ಕಕ್ಕಿಲ್ಲ

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಋತು ಅರ್ಧ ಕಳೆದ ಮೇಲೆ, ಜುಲೈ ನಡುವಿನಲ್ಲಿ, ಉಳಿದ ಪಂದ್ಯಗಳನ್ನೆಲ್ಲ ನಿಲ್ಲಿಸಿ ಆಲ್-ಸ್ಟಾರ್ ಪಂದ್ಯವೊಂದನ್ನು ಆಡಿಸುತ್ತಾರೆ. ಎರಡು ಲೀಗುಗಳಿಂದ ಆಯ್ದ ಘಟಾನುಘಟಿಗಳು ಎರಡು ಪಂಗಡವಾಗಿ ನಿಲ್ಲುತ್ತಾರೆ. ಮೊನ್ನೆಯವರೆಗೆ ಎದುರಾಳಿಗಳಾಗಿದ್ದವರು ಅಂದು ಒಂದೇ ಕಡೆಯವರು. ಗೆದ್ದರೆ ಅಂಕಪಟ್ಟಿಯಲ್ಲಿ ಏನೂ ಏರುವುದಿಲ್ಲ, ಸೋತರೆ ಏನೂ ಇಳಿಯುವುದಿಲ್ಲ. ಮೊದಲ ಪಂದ್ಯ ನಡೆದದ್ದು 1933ರ ಜುಲೈ 6ರಂದು, ಷಿಕಾಗೊದ ಕಾಮಿಸ್ಕಿ ಪಾರ್ಕಿನಲ್ಲಿ. ನಮ್ಮ ಮಕ್ಕಳಾಟದಲ್ಲಿ ತೀರಾ ಚಿಕ್ಕವನನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರೆ. ಇಲ್ಲಿ ಅತಿ ದೊಡ್ಡವರೇ ಲೆಕ್ಕಕ್ಕಿಲ್ಲದ ಆಟಕ್ಕೆ ಇಳಿಯುತ್ತಾರೆ. ಫಲವೇ ಇಲ್ಲದ ಕ್ರಿಯೆಗೆ ಬೆಲೆಯುಂಟೆ? ಇದು ಕ್ರೀಡಾಪುಟದ ಪ್ರಶ್ನೆಯೆಂದು ತೋರಬಹುದು. ಆದರೆ ಛತ್ರಪತಿ ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಎಲ್ಲೋರದ ಬಂಡೆಯಲ್ಲಿ ಇದೇ ಪ್ರಶ್ನೆ ಸಾವಿರ ವರ್ಷಕ್ಕೂ ಹಿಂದಿನಿಂದ ಕೂತಿದೆ.

ಅಲ್ಲಿಯ 14, 21 ಮತ್ತು 29ನೇ ಗುಹೆಗಳಲ್ಲಿ ಶಿವ ಪಾರ್ವತಿಯರು ಪಗಡೆಯಾಡುತ್ತಿದ್ದಾರೆ. ಎಲ್ಲವೂ ತಮ್ಮದೇ ಆಗಿರುವ ಇಬ್ಬರಿಗೆ ಗೆಲ್ಲಲು ಏನು ಉಳಿದಿದೆ? ಪುರಾಣಗಳಲ್ಲಿ ಶಿವ ಪಣವೊಡ್ಡಿ ಸೋಲುತ್ತಾನೆ, ತಲೆಯ ಮೇಲಿನ ಚಂದ್ರನನ್ನೂ ಕಳೆದುಕೊಳ್ಳುತ್ತಾನೆ, ನಿಜ. ಆದರೆ ಅವನು ಕಳೆದುಕೊಂಡದ್ದು ಪಾರ್ವತಿಯ ಬಳಿಗೆ ಹೋಗುತ್ತದೆಯೇ ಹೊರತು ಕೈಲಾಸ ಬಿಟ್ಟು ಹೋಗುವುದಿಲ್ಲ. ಹಸ್ತಿನಾವತಿಯ ಪಗಡೆಯೊಂದಿಗೆ ಹೋಲಿಸಿ ನೋಡಿ. ಅಲ್ಲಿ ಪಣವಾದದ್ದು ರಾಜ್ಯ, ತಮ್ಮಂದಿರು, ಕೊನೆಗೆ ಆಟದಲ್ಲಿ ಕೂರದೇ ಇದ್ದ ದ್ರೌಪದಿ. ದಾಳವೂ ಹಾಸೂ ಒಂದೇ. ಒಂದು ಲೀಲೆ, ಇನ್ನೊಂದು ಜೂಜು. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದೇ ನನಗೆ ಮುಖ್ಯ. ಸೋಲಿನ ಭಾರ ಆಡುವವರ ನಡುವೆಯೇ ಉಳಿದರೆ ಅದು ಲೀಲೆ. ಆಡಲು ಒಪ್ಪದವರ ತಲೆಯ ಮೇಲೆ ಬಿದ್ದರೆ ಅಲ್ಲ. ಪಣವಿಲ್ಲದಿರುವುದು ಆಟದ ಕೊರತೆಯಲ್ಲ, ಅದರ ಪೂರ್ಣತೆ. ಆದರೆ ಈ ಷರತ್ತಿಗೆ ಒಳಪಟ್ಟು ಮಾತ್ರ.

ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಈ ವಾದ ನೇರವಾಗಿ ಬರುತ್ತದೆ. ಪ್ರಯೋಜನವಿಲ್ಲದೆ ಯಾರೂ ಏನನ್ನೂ ಮಾಡುವುದಿಲ್ಲ, ಹಾಗಾಗಿ ತೃಪ್ತನಾದ ಬ್ರಹ್ಮ ಜಗತ್ತನ್ನು ಸೃಷ್ಟಿಸಿರಲಾರದು ಎಂಬುದು ಪೂರ್ವಪಕ್ಷ. ಸೃಷ್ಟಿ ಲೀಲೆಯೆಂಬುದು ಸೂತ್ರದ ಉತ್ತರ. ಅದಕ್ಕೆ ಶಂಕರರ ವಿವರಣೆ, ಬೇಕಾದದ್ದೆಲ್ಲ ದೊರೆತ ಅರಸನೂ ವಿಹಾರಕ್ಕೆ ಇಳಿಯುತ್ತಾನೆ, ಉಸಿರು ಹೊರಗಿನ ಯಾವ ಉದ್ದೇಶವೂ ಇಲ್ಲದೆ ಆಡುತ್ತದೆ ಎಂಬುದು. ಕೊರತೆ ತುಂಬಿಕೊಳ್ಳಲು ಮಾತ್ರವಲ್ಲ, ತುಂಬಿದ್ದು ತುಳುಕಿಯೂ ಕ್ರಿಯೆ ಹುಟ್ಟಬಹುದೆಂಬುದು ಇದರ ತಾತ್ಪರ್ಯ. ಕನ್ನಡಿಗರಿಗೆ ಇದಕ್ಕೆ ದೂರದ ಸಾಕ್ಷಿ ಬೇಡ. ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದ ಮೇಲೆ, ಮಳೆಗಾಲದಲ್ಲಿ ಕಾಸರಗೋಡು, ದಕ್ಷಿಣ ಕನ್ನಡ, ಉಡುಪಿಗಳಲ್ಲಿ ತಾಳಮದ್ದಳೆಯ ಕೂಟಗಳು ನಡೆಯುತ್ತವೆ. ಬೇರೆ ಬೇರೆ ಮೇಳಗಳ ಕಲಾವಿದರೂ ಹವ್ಯಾಸಿ ಅರ್ಥಧಾರಿಗಳೂ ಎದುರುಬದುರಾಗಿ ಕೂರುತ್ತಾರೆ. ವೇಷವಿಲ್ಲ, ಕುಣಿತವಿಲ್ಲ. ಕರ್ಣ ಸಾಯಲೇಬೇಕು, ವಾಲಿ ಬೀಳಲೇಬೇಕು. ಮಾತಿನಲ್ಲಿ ಯಾರು ಮೇಲಾದರೂ ಪ್ರಸಂಗದ ಕೊನೆ ಬದಲಾಗುವುದಿಲ್ಲ. ಹಾಗಿದ್ದೂ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾಲಿ ರಾಮನಿಗೆ ಹಾಕುವ ಪ್ರಶ್ನೆಗೆ ಸಭೆ ಮೈಯೆಲ್ಲ ಕಿವಿಯಾಗುತ್ತಿತ್ತು. ಫಲ ಮೊದಲೇ ತೀರ್ಮಾನವಾಗಿದ್ದರಿಂದಲೇ ಗಮನವೆಲ್ಲ ವಾದದ ಸೊಗಸಿಗೂ ಸತ್ಯಕ್ಕೂ ಮೀಸಲಾಗುತ್ತಿತ್ತು.

ಪಣವಿಲ್ಲದ ಕಡೆ ಶ್ರದ್ಧೆಯೂ ಇರುವುದಿಲ್ಲವಲ್ಲ ಎಂಬ ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ಅಮೆರಿಕನ್ ಫುಟ್‌ಬಾಲ್‌ನ ಇಂಥದೇ ಪಂದ್ಯದಲ್ಲಿ ಆಟಗಾರರು ಮೈಗೆ ಮೈ ತಾಗಿಸುವುದನ್ನೇ ಕಡಿಮೆ ಮಾಡಿದರು. 2023ರಲ್ಲಿ ಅದನ್ನು ಕೈಬಿಟ್ಟು, ಸೊಂಟದ ಪಟ್ಟಿ ಕಿತ್ತುಕೊಳ್ಳುವ ಹಗುರ ಆಟವನ್ನು ತರಬೇಕಾಯಿತು. ಬೇಸ್‌ಬಾಲ್‌ನವರೂ ಇದೇ ಭಯಕ್ಕೆ ಒಳಗಾದರು. 2002ರಲ್ಲಿ ಮಿಲ್ವಾಕಿಯ ಪಂದ್ಯ 11 ಇನಿಂಗ್ಸ್ ಮುಗಿದರೂ 7–7ರಲ್ಲಿ ಸಮವಾಗಿತ್ತು, ಎರಡೂ ಕಡೆ ಚೆಂಡೆಸೆಯುವವರು ಮುಗಿದುಹೋಗಿದ್ದರು. ಪಂದ್ಯ ಅಲ್ಲಿಗೇ ನಿಂತಿತು, ಪ್ರೇಕ್ಷಕರು ಕೆರಳಿದರು. ಮರುವರ್ಷದಿಂದ 2016ರವರೆಗೆ, ಗೆದ್ದ ಲೀಗಿನ ತಂಡಕ್ಕೆ ವರ್ಷದ ಕೊನೆಯ ವರ್ಲ್ಡ್ ಸೀರೀಸ್‌ನಲ್ಲಿ ತವರಿನ ಅನುಕೂಲ ಸಿಗುವಂತೆ ಪಣ ಕಟ್ಟಿದರು. ಆಗಿದ್ದೇನು? ಎಲ್ಲರಿಗೂ ಒಂದು ಸರದಿ ಸಿಗಲೆಂದು ಮಹಾ ಆಟಗಾರರನ್ನು ನಡುವೆಯೇ ಹೊರಗೆ ಕರೆದು ಬೇರೆಯವರನ್ನು ಇಳಿಸುವ ಪದ್ಧತಿ ಹಾಗೆಯೇ ನಡೆಯಿತು. ಬರಿಯ ಗೆಲುವೇ ಗುರಿಯಾಗಿದ್ದರೆ ಯಾವ ಮ್ಯಾನೇಜರೂ ಹಾಗೆ ಮಾಡುತ್ತಿರಲಿಲ್ಲ. 2017ರಿಂದ ಆ ಪಣವನ್ನು ತೆಗೆದುಹಾಕಿದರು. ಇನ್ನು ಈ ಪಂದ್ಯದ ಇತಿಹಾಸದಲ್ಲಿ ಜನ ಇಂದಿಗೂ ನೆನೆಯುವುದು 1934ರಲ್ಲಿ ಕಾರ್ಲ್ ಹಬೆಲ್ ಬೇಬ್ ರೂತ್ ಮೊದಲಾದ ಐವರು ದಿಗ್ಗಜರನ್ನು ಸಾಲಾಗಿ ಔಟ್ ಮಾಡಿದ್ದನ್ನು. ಅಂದು ಪಣವೇನೂ ಇರಲಿಲ್ಲ. ಶ್ರದ್ಧೆ ಪಣದಿಂದ ಹುಟ್ಟುವುದಿಲ್ಲ, ಕಸುಬಿನ ಮೇಲಿನ ಪ್ರೀತಿಯಿಂದ ಹುಟ್ಟುತ್ತದೆ. ಪ್ರೀತಿ ಬತ್ತಿದಲ್ಲಿ ಪಣ ಬರಿಯ ಲೇಪ.

ಪಣ ಕಟ್ಟಿದರೆ ಏನಾಗುತ್ತದೆಂಬುದಕ್ಕೆ ನಾಸಿಕದ ಸಿಂಹಸ್ಥ ಕುಂಭಮೇಳ ಇನ್ನೂ ಕಠಿಣವಾದ ಸಾಕ್ಷಿ. ಗುರು ಸಿಂಹರಾಶಿಗೆ ಬಂದಾಗ ಗೋದಾವರಿಯಲ್ಲಿ ಮುಳುಗುವುದರಲ್ಲಿ ಸೋಲು ಗೆಲುವು ಎಲ್ಲಿಂದ ಬರಬೇಕು? ನೀರು ಎಲ್ಲರಿಗೂ ಒಂದೇ. ಆದರೆ ಮೊದಲು ಇಳಿಯುವವರು ಯಾರೆಂಬುದು ಮಾನದ ಪ್ರಶ್ನೆಯಾಯಿತು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಶೈವ ಸಂನ್ಯಾಸಿಗಳಿಗೂ ವೈಷ್ಣವ ಬೈರಾಗಿಗಳಿಗೂ ಸರದಿಗಾಗಿ ರಕ್ತ ಹರಿಯುವಷ್ಟು ಕಾದಾಟವಾಗಿ, ಪೇಶ್ವೆಗಳ ಆಡಳಿತ ನಡುವೆ ಬರಬೇಕಾಯಿತು. ಇಂದಿಗೂ ಶೈವ ಅಖಾಡಗಳು ತ್ರ್ಯಂಬಕದ ಕುಶಾವರ್ತದಲ್ಲಿ, ವೈಷ್ಣವರು ನಾಸಿಕದ ರಾಮಕುಂಡದಲ್ಲಿ ಬೇರೆ ಬೇರೆಯಾಗಿ ಮೀಯುತ್ತಾರೆ.

ಇಷ್ಟರವರೆಗೆ ಲೀಲೆಯ ಪಕ್ಷ ಗಟ್ಟಿಯಾಗಿದೆ. ಆದರೆ ನಿಜವಾದ ಎದುರಾಳಿ ಇನ್ನೂ ಬಂದಿಲ್ಲ. ಅವನು ನಮ್ಮ ನಾಡಿನವನೇ. ಎಲ್ಲೋರದ ಕೈಲಾಸ ದೇಗುಲವನ್ನು ಕಡೆಸಿದ ಒಂದನೆಯ ಕೃಷ್ಣನ ರಾಷ್ಟ್ರಕೂಟ ವಂಶದಲ್ಲೇ, ಮುಂದೆ ಮಾನ್ಯಖೇಟದಿಂದ ಆಳಿದ ಅಮೋಘವರ್ಷ ನೃಪತುಂಗನಿಗೆ ಗುರುವಾಗಿದ್ದವನು ಜೈನ ಆಚಾರ್ಯ ಜಿನಸೇನ. ಪಂಪ 941ರಲ್ಲಿ ಬರೆದ ಆದಿಪುರಾಣಕ್ಕೆ ಆಧಾರ ಇವನ ಸಂಸ್ಕೃತ ಕೃತಿಯೇ. ಅದರಲ್ಲಿ ಜಿನಸೇನ ಸೃಷ್ಟಿಕರ್ತನ ವಾದವನ್ನು ಒಂದೊಂದಾಗಿ ಬಿಚ್ಚಿ, ಲೀಲೆಯ ಹತ್ತಿರ ಬಂದು ನಿಲ್ಲುತ್ತಾನೆ: ದೇವರು ಆಟಕ್ಕಾಗಿ ಜಗತ್ತು ಮಾಡಿದನೆಂದರೆ ಅದು ತಿಳಿವಿಲ್ಲದ ಹುಡುಗನ ಆಟ, ತೊಂದರೆಗೇ ದಾರಿ ಎನ್ನುತ್ತಾನೆ. ಎಲ್ಲೋರದಲ್ಲಿ ಪಗಡೆಯ ಗುಹೆಗಳಿರುವ ಬೆಟ್ಟದಲ್ಲೇ, 30ರಿಂದ 34ನೇ ಸಂಖ್ಯೆಯವರೆಗೆ, ಈ ಮತದವರ ಗುಹೆಗಳೂ ಇವೆ. ಪಗಡೆಯಾಡುವ ದೇವರು ಒಂದು ಕಡೆ, ಆಟವನ್ನೇ ಬಿಟ್ಟು ನಿಂತ ತೀರ್ಥಂಕರರು ಇನ್ನೊಂದು ಕಡೆ. ಜಿನಸೇನನ ಮಾತನ್ನು ತಳ್ಳಿಹಾಕಲು ನನ್ನಿಂದ ಆಗದು. ಹಸಿದು ಸಾಯುವ ಮಗು ಈ ಆಟಕ್ಕೆ ಒಪ್ಪಿ ಬಂದದ್ದಲ್ಲ.

ಶಂಕರರಿಗೂ ಇದು ಗೊತ್ತಿತ್ತು. ಲೀಲೆಯ ಸೂತ್ರದ ಮರುಸೂತ್ರವೇ ದೇವರ ಪಕ್ಷಪಾತ, ಕ್ರೌರ್ಯಗಳ ಆಕ್ಷೇಪವನ್ನು ಎತ್ತಿಕೊಳ್ಳುತ್ತದೆ. ಅವರವರ ಸುಖದುಃಖ ಅವರವರ ಅನಾದಿ ಕರ್ಮಕ್ಕೆ ತಕ್ಕಂತೆ, ದೇವರ ಮೇಲೆ ದೋಷವಿಲ್ಲ ಎಂಬುದು ಸಮಾಧಾನ. ದೇವರನ್ನು ಇದು ಉಳಿಸಬಹುದು, ಲೀಲೆಯನ್ನಲ್ಲ. ಲೆಕ್ಕವಿಲ್ಲದ ಆಟವೆಂದು ಹೊರಟದ್ದು ಮುಂದಿನ ಹೆಜ್ಜೆಯಲ್ಲೇ ಜನ್ಮಜನ್ಮದ ಲೆಕ್ಕಪುಸ್ತಕವಾಯಿತು. ಅಸ್ಪೃಶ್ಯತೆಯ ಸಮರ್ಥಕರು ಬಹುಕಾಲ ತೆರೆದು ತೋರಿಸಿದ್ದೂ ಇದೇ ಪುಸ್ತಕವನ್ನು. ಹೊರಗಿಡುವವರಿಗೆ ಪಣವೂ ಬೇಕಿಲ್ಲ: 1933ರ ಜುಲೈಯಲ್ಲಿ, ಏನೂ ಪಣವಿಲ್ಲದ ಷಿಕಾಗೊ ಪಂದ್ಯಕ್ಕೂ ಒಬ್ಬ ಕಪ್ಪು ಆಟಗಾರನನ್ನೂ ಸೇರಿಸಲಿಲ್ಲ. ಕಪ್ಪು ಆಟಗಾರರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದೇ ಮೈದಾನದಲ್ಲಿ ತಮ್ಮದೇ ಪೂರ್ವ–ಪಶ್ಚಿಮ ಪಂದ್ಯ ಆಡಿದರು. ಅದಕ್ಕೆ ಮೂರು ವರ್ಷ ಮೊದಲು, 1930ರ ಮಾರ್ಚ್ 2ರಂದು, ಅಂಬೇಡ್ಕರರ ನೇತೃತ್ವದಲ್ಲಿ ನಾಸಿಕದ ಕಾಳಾರಾಮ ಮಂದಿರದ ಮುಂದೆ ಅಸ್ಪೃಶ್ಯರ ಪ್ರವೇಶಕ್ಕಾಗಿ ಸತ್ಯಾಗ್ರಹ ಶುರುವಾಗಿತ್ತು. ದೇವರ ದರ್ಶನ ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ಕಡಿಮೆಯಾಗುವ ವಸ್ತುವಲ್ಲ. ಬಾಗಿಲು ಮಾತ್ರ ವರ್ಷಗಟ್ಟಲೆ ತೆರೆಯಲಿಲ್ಲ. 1935ರ ಅಕ್ಟೋಬರಿನಲ್ಲಿ ಅದೇ ಜಿಲ್ಲೆಯ ಯೇವಲೆಯಲ್ಲಿ ನಿಂತು ಅಂಬೇಡ್ಕರರು ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದರು. ಜಗತ್ತು ಲೀಲೆಯೆಂದು ಇಂದು ವಾದಿಸುವವರು ಜಿನಸೇನನಿಗಿಂತ ಮೊದಲು ಆ ಘೋಷಣೆಗೆ ಉತ್ತರ ಹೇಳಬೇಕಾಗಿದೆ, ಅದೂ ಕರ್ಮದ ಪುಸ್ತಕ ತೆರೆಯದೆ.