ಮರವನ್ನೂ ಕಂಡವನು

ಗುರಿಯ ಬಗ್ಗೆ ಮಕ್ಕಳಿಗೆ ಹೇಳುವಾಗ ನಮ್ಮ ಮೇಷ್ಟರುಗಳಿಗೆ ಮೊದಲು ನೆನಪಾಗುವವನು ಅರ್ಜುನ. ಮರದ ಮೇಲೆ ದ್ರೋಣ ಇರಿಸಿದ ಕೃತಕ ಹಕ್ಕಿ, 'ಏನು ಕಾಣುತ್ತಿದೆ?' ಎಂಬ ಪ್ರಶ್ನೆ. ಮರ, ಗುರು, ತಮ್ಮಂದಿರು, ಹಕ್ಕಿ ಎಲ್ಲವೂ ಕಾಣುತ್ತಿದೆ ಎಂದ ಧರ್ಮರಾಯ ಬೈಸಿಕೊಂಡು ಪಕ್ಕಕ್ಕೆ ಸರಿದ. ಹಕ್ಕಿಯ ತಲೆ ಮಾತ್ರ ಕಾಣುತ್ತಿದೆ ಎಂದ ಅರ್ಜುನ ಗೆದ್ದ. ಬಾಯಿಂದ ಬಾಯಿಗೆ ಬರುತ್ತಾ ಆ ತಲೆ ಕಣ್ಣಾಗಿ ಇನ್ನಷ್ಟು ಕಿರಿದಾಗಿದೆ.

ಬಿಲ್ವಿದ್ಯೆಗೆ ಈ ಪಾಠ ಸರಿ. ಬದುಕಿಗೆ? ಮಹಾಭಾರತ ಅಲ್ಲಿಗೇ ನಿಲ್ಲುವುದಿಲ್ಲ. ವನಪರ್ವದಲ್ಲಿ ನಾಲ್ವರು ತಮ್ಮಂದಿರೂ ಕೊಳದ ದಡದಲ್ಲಿ ಸತ್ತು ಬಿದ್ದಿರುತ್ತಾರೆ. ಒಬ್ಬನನ್ನು ಬದುಕಿಸುತ್ತೇನೆ, ಯಾರು ಬೇಕು ಎನ್ನುತ್ತಾನೆ ಯಕ್ಷ. ರಾಜ್ಯ ಮರಳಿ ಪಡೆಯುವುದಷ್ಟೇ ಗುರಿಯಾಗಿದ್ದರೆ ಭೀಮನನ್ನೋ ಅರ್ಜುನನನ್ನೋ ಕೇಳಬೇಕಿತ್ತು. ಧರ್ಮರಾಯ ಕೇಳಿದ್ದು ನಕುಲನನ್ನು. ಕುಂತಿಗೆ ತಾನಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂದು. ಅಂದು ಮರವನ್ನೂ ತಮ್ಮಂದಿರನ್ನೂ ಕಂಡ ಕಣ್ಣೇ ಇಲ್ಲಿ ಮಾದ್ರಿಯನ್ನೂ ಕಂಡಿತು. ಅರ್ಜುನನಿಗೆ ಉಳಿದದ್ದೆಲ್ಲ ಕಂಡದ್ದು ಕುರುಕ್ಷೇತ್ರದಲ್ಲಿ, ಎರಡು ಸೇನೆಗಳ ನಡುವೆ ನಿಂತಾಗ. ಬಿಲ್ಲು ಕೈಜಾರಿತು. ಬಾಣ ಬಿಡುವ ಗಳಿಗೆಯಲ್ಲಿ ಅರ್ಜುನನ ಕಣ್ಣು ಬೇಕು, ನಿಜ. ಯಾವುದಕ್ಕೆ ಗುರಿಯಿಡಬೇಕು ಎಂದು ಆರಿಸುವಾಗ ಧರ್ಮರಾಯನ ಕಣ್ಣು ಬೇಕು.

ಹತ್ತನೇ ತರಗತಿ ಮುಗಿಸಿದ ಹುಡುಗಿಯನ್ನು ನಾವು ಕೇಳುವುದು 'ಮುಂದೆ ಏನಾಗುತ್ತೀಯ?' ಎಂದು. 'ಡಾಕ್ಟರ್' ಅಂದರೆ ಮಾತು ಮುಗಿಯಿತು, ಇನ್ನೇನಿದ್ದರೂ ನೀಟ್ ಅಂಕ. 'ಯಾಕೆ?' ಎಂದು ಕೇಳಿದರೆ ಮಾತು ಶುರುವಾಗುತ್ತದೆ. ನೋವಿನಲ್ಲಿರುವವರ ಜೊತೆ ನಿಲ್ಲಬೇಕು ಎಂಬುದು ಅವಳ ಕಾರಣವಾದರೆ, ಸೀಟು ಸಿಗದ ದಿನವೂ ನರ್ಸಿಂಗ್, ಫಾರ್ಮಸಿಯಂಥ ದಾರಿಗಳು ಅವಳಿಗೆ ಸೋಲಾಗಿ ಕಾಣುವುದಿಲ್ಲ. ಊರವರ ಮುಂದೆ ತಲೆಯೆತ್ತಿ ನಡೆಯಬೇಕು ಎಂಬುದು ಕಾರಣವಾದರೆ ಅದನ್ನೂ ಸಂಕೋಚವಿಲ್ಲದೆ ಹೇಳಲಿ. ಮನೆಯ ಸಾಲ ತೀರಿಸಬೇಕು ಎಂಬುದಂತೂ ಯಾವ ಆದರ್ಶಕ್ಕೂ ಕಡಿಮೆಯಲ್ಲ. ಗುರಿ ತಪ್ಪಿದಾಗಲೂ ಕೈಯಲ್ಲಿ ಉಳಿಯುವುದು ಈ ಕಾರಣವೇ.

ಇಲ್ಲೊಂದು ಅಪಾಯವೂ ಇದೆ. ಗುರಿಯನ್ನು ಹೇರುವ ಬದಲು ಮೇಷ್ಟರು ಮೌಲ್ಯಗಳನ್ನೇ ಹೇರತೊಡಗಿದರೆ, ಮಕ್ಕಳು ಪರೀಕ್ಷೆಗೆ ಬರೆದಂತೆ 'ದೇಶಸೇವೆ' ಎಂದು ಬರೆದು ಕೊಟ್ಟುಬಿಡುತ್ತಾರೆ. ಧರ್ಮರಾಯನ ಮೌಲ್ಯ ತಿಳಿದದ್ದು ಅವನು ಯಾರನ್ನು ಆರಿಸಿದ ಎಂಬುದರಿಂದ. ಆದ್ದರಿಂದ ಯಕ್ಷನಂತೆ ಕೇಳುವುದೇ ಮೇಲು: ಈ ಗುರಿಗಾಗಿ ಏನನ್ನು ಬಿಟ್ಟುಕೊಡುತ್ತೀಯ? ಏನನ್ನು ಬಿಟ್ಟುಕೊಡಲಾರೆ? ಎರಡನೆಯದಕ್ಕೆ ಉತ್ತರ ಹುಡುಕಲು ಅವಳಿಗೆ ವಾರಗಟ್ಟಲೆ ಹಿಡಿಯಬಹುದು. ಹಿಡಿಯಲಿ. ಆ ಉತ್ತರಕ್ಕೆ ನಾವು ಅಂಕ ಕೊಡಲು ಹೋಗದಿದ್ದರೆ ಸಾಕು.