ನಿಟ್ಟುಸಿರು ಯಾರಿಗಾಗಿ?

ಮರಿಯಾ ಗಾಯೆತಾನಾ ಅನ್ಯೇಸಿಯ ಬದುಕನ್ನು ಹೇಳಹೊರಟವರು ಒಂದು ಹಂತಕ್ಕೆ ಬಂದಾಗ ನಿಟ್ಟುಸಿರು ಬಿಡುತ್ತಾರೆ. ಮೂವತ್ತನೆಯ ವಯಸ್ಸಿಗೇ ಯುರೋಪಿನ ವಿದ್ವಾಂಸರು ತಲೆದೂಗುವಂಥ ಗಣಿತಗ್ರಂಥ ಬರೆದಾಕೆ ಉಳಿದ ಆಯುಷ್ಯವನ್ನೆಲ್ಲ ದಿಕ್ಕಿಲ್ಲದವರ ಆರೈಕೆಗೆ ಕೊಟ್ಟುಬಿಟ್ಟಳಲ್ಲ, ಎಂಥ ಪ್ರತಿಭೆ ವ್ಯರ್ಥವಾಯಿತು ಎಂಬ ಮರುಕ ಅದು. ಆ ಮರುಕವನ್ನು ನಾನು ಒಪ್ಪಲಾರೆ.

ಆಕೆ ಹುಟ್ಟಿದ್ದು 1718ರಲ್ಲಿ, ಮಿಲಾನಿನ ರೇಷ್ಮೆ ವ್ಯಾಪಾರದ ಸಿರಿವಂತ ಮನೆತನದಲ್ಲಿ. ಅಪ್ಪ ಪಿಯೆತ್ರೊನ ಇಪ್ಪತ್ತೊಂದು ಮಕ್ಕಳಲ್ಲಿ ಹಿರಿಯವಳು. ಅಪ್ಪ ಮನೆಯಲ್ಲಿ ಗಣ್ಯರನ್ನು ಕೂಡಿಸಿ ಮಗಳಿಂದ ಲ್ಯಾಟಿನ್‌ನಲ್ಲಿ ವಾದ ಮಾಡಿಸುತ್ತಿದ್ದ. 1739ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಪ್ರವಾಸಿ ಶಾರ್ಲ್ ದ ಬ್ರಾಸ್ ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ಹೋದ. ಹುಡುಗಿಗೆ ಮಾತ್ರ ಆ ಸಭೆ ಹಿಡಿಸಿರಲಿಲ್ಲ. ಇಂಥ ಮಾತಿನಿಂದ ಒಬ್ಬರಿಗೆ ಖುಷಿಯಾದರೆ ಇಪ್ಪತ್ತು ಜನಕ್ಕೆ ಬೇಸರ ಎಂದು ಅವನಿಗೇ ಹೇಳಿದಳು. ಆಕೆ ಸನ್ಯಾಸಿನಿಯಾಗಲು ಬಯಸಿದ್ದಾಳೆಂದು ಕೇಳಿ ದ ಬ್ರಾಸ್ ನೊಂದುಕೊಂಡ. ಬಡತನದ ಕಾಟವಿಲ್ಲದ ಮನೆಯ ಹುಡುಗಿಗೆ ಇದೇಕೆ ಬೇಕು ಎಂಬುದು ಅವನ ಪ್ರಶ್ನೆ. ಇಂದಿನವರ ನಿಟ್ಟುಸಿರು ಕೇಳಿದಾಗೆಲ್ಲ ನನಗೆ ಆ ಅತಿಥಿಯೇ ಮತ್ತೆ ಮಾತಾಡಿದಂತಾಗುತ್ತದೆ. ಅವನಿಗೂ ಇವರಿಗೂ ಆಕೆ ಸಭೆಯ ನಡುವೆಯೇ ಇರಬೇಕು.

ಅಪ್ಪ ಮಠ ಸೇರಲು ಬಿಡಲಿಲ್ಲ. ಆಕೆ ಮನೆಯಲ್ಲೇ ಉಳಿಯಲು ಒಪ್ಪಿದಳು, ಆದರೆ ಷರತ್ತುಗಳ ಮೇಲೆ: ಸರಳ ಉಡುಪು, ಬೇಕೆಂದಾಗ ಚರ್ಚಿಗೆ ಹೋಗುವ ಸ್ವಾತಂತ್ರ್ಯ, ನೃತ್ಯಕೂಟ ನಾಟಕಗಳ ಗೊಡವೆಯಿಲ್ಲ. ಮನೆಯ ಕಿರಿಯರಿಗೆ ಪಾಠ ಹೇಳುವ ಹೊಣೆಯೂ ಆಕೆಯ ಪಾಲಿಗೆ ಬಂತು. ರಾಮಿರೊ ರಾಂಪಿನೆಲ್ಲಿ ಎಂಬ ಸನ್ಯಾಸಿ ಗಣಿತದಲ್ಲಿ ಆಕೆಗೆ ಗುರುವಾದ. ಹೀಗೆ ಕಲಿಯುತ್ತ, ಕಲಿಸುತ್ತ ಬೆಳೆದ ಪುಸ್ತಕ 1748ರಲ್ಲಿ ಎರಡು ಸಂಪುಟಗಳಲ್ಲಿ ಅಚ್ಚಾಯಿತು. ಬೀಜಗಣಿತದಿಂದ ಹಿಡಿದು ಕಲನಶಾಸ್ತ್ರದವರೆಗೆ ಸಾವಿರಕ್ಕೂ ಹೆಚ್ಚು ಪುಟ. ಅಲ್ಲೊಂದು ಇಲ್ಲೊಂದು ಚದುರಿದ್ದ ಹೊಸ ಗಣಿತವನ್ನು ಕಲಿಯುವವನ ಕಣ್ಣಿನಿಂದ ಕ್ರಮವಾಗಿ ಜೋಡಿಸಿ, ಉದಾಹರಣೆ ಕೊಟ್ಟು ಬಿಡಿಸಿದ ಬರಹ. ಅದನ್ನು ಬರೆದದ್ದು ಪಂಡಿತರ ಲ್ಯಾಟಿನ್‌ನಲ್ಲಲ್ಲ, ಇಟಲಿಯ ಎಳೆಯರಿಗಾಗಿ ಅವರದೇ ಇಟಾಲಿಯನ್‌ನಲ್ಲಿ. ಒಂಬತ್ತರ ವಯಸ್ಸಿಗೇ ಲ್ಯಾಟಿನ್‌ನಲ್ಲಿ ಭಾಷಣ ಮಾಡಿ ಹೆಸರಾದವಳು ಆ ಹೆಗ್ಗಳಿಕೆಯನ್ನು ಕೈಬಿಟ್ಟಿದ್ದು ಇಲ್ಲೇ. ಆಕೆಯ ತ್ಯಾಗವನ್ನು ಎಲ್ಲರೂ ಆಮೇಲಿನ ಬದುಕಿನಲ್ಲಿ ಹುಡುಕುತ್ತಾರೆ. ನನಗೆ ಅದು ಈ ಪುಸ್ತಕದಲ್ಲೇ ಶುರುವಾದಂತೆ ಕಾಣುತ್ತದೆ.

ಗ್ರಂಥವನ್ನು ಅರ್ಪಿಸಿಕೊಂಡ ಸಾಮ್ರಾಜ್ಞಿ ಮರಿಯಾ ತೆರೇಸಾ ವಜ್ರದುಂಗುರ ಕಳಿಸಿದಳು. 1750ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಬೊಲೋನ್ಯಾ ವಿಶ್ವವಿದ್ಯಾಲಯದಲ್ಲಿ ಗಣಿತಪೀಠವನ್ನೇ ಕೊಡಿಸಿದ. ಆಕೆ ಅಲ್ಲಿಗೆ ಪಾಠ ಹೇಳಲು ಹೋಗಲೇ ಇಲ್ಲ. 1752ರಲ್ಲಿ ಅಪ್ಪ ತೀರಿಕೊಂಡ ಮೇಲೆ ಬಡವರ, ರೋಗಿಗಳ ಸೇವೆಗೆ ಪೂರ್ತಿಯಾಗಿ ಇಳಿದಳು. 1762ರಲ್ಲಿ ತೂರಿನ್‌ನಿಂದ ತರುಣ ಲಗ್ರಾಂಜನ ಹೊಸ ಗಣಿತದ ಬಗ್ಗೆ ಅಭಿಪ್ರಾಯ ಕೇಳಿ ಪತ್ರ ಬಂದಾಗ, ತನಗೆ ಈಗ ಆ ವಿಷಯದಲ್ಲಿ ಆಸಕ್ತಿಯಿಲ್ಲವೆಂದು ತಿಳಿಸಿದಳು. 1771ರಲ್ಲಿ ಮಿಲಾನಿನ ತ್ರಿವುಲ್ತ್ಸಿಯೊ ಆಶ್ರಯಧಾಮದ ಹೆಂಗಸರ ವಿಭಾಗದ ಹೊಣೆ ಹೊತ್ತಳು. 1799ರಲ್ಲಿ ತೀರಿಕೊಂಡಾಗ ಉಳಿದ ಬಡವರ ಜೊತೆಗೇ ಆಕೆಯನ್ನೂ ಮಣ್ಣು ಮಾಡಿದರು.

ಮಗಳ ಬಯಕೆಯನ್ನು ಅಪ್ಪ ತಡೆದದ್ದರಿಂದಲೇ ಪುಸ್ತಕ ಬಂತಲ್ಲವೇ ಎಂದು ಯಾರಾದರೂ ಕೇಳಬಹುದು. ಇರಬಹುದು. ಆದರೆ ಫಲ ಚೆನ್ನಾಗಿತ್ತೆಂದ ಮಾತ್ರಕ್ಕೆ ಆ ತಡೆ ನ್ಯಾಯವಾಗುವುದಿಲ್ಲ. ಆಕೆ ಪಡೆದದ್ದರ ಋಣವನ್ನು ಆ ಸಾವಿರ ಪುಟಗಳಲ್ಲಿ ತೀರಿಸಿದ್ದಳು. ಉಳಿದ ವರ್ಷಗಳು ಆಕೆಯವೇ. ಪ್ರತಿಭೆ ಹಾಳಾಯಿತೆಂದು ಮರುಗಲೇಬೇಕೆಂದರೆ, ಅದೇ ಮಿಲಾನಿನಲ್ಲಿ ಅಕ್ಷರವನ್ನೇ ಕಾಣದೆ ಬೆಳೆದ, ಮನೆಗೆ ಗುರುವನ್ನು ಕರೆಸಲು ಶಕ್ತಿಯಿಲ್ಲದ ತಂದೆತಾಯಿಗಳ ಹೆಣ್ಣುಮಕ್ಕಳು ಎಷ್ಟೋ ಇದ್ದರು. ಅವರಿಗೆ ಬಿಡುವ ಬದುಕನ್ನಾಗಲಿ ಹಿಡಿಯುವ ಬದುಕನ್ನಾಗಲಿ ಯಾರೂ ಕೊಟ್ಟಿರಲಿಲ್ಲ.