ಕೊಪಣದಿಂದ ಜಂಬುಕೋಲಕ್ಕೆ: ಯಾತ್ರೆಯಲ್ಲಿ ದಾರಿಯ ಸ್ಥಾನ

ತೀರ್ಥ ಎಂಬ ಪದ ಇಂದು ಪುಣ್ಯಕ್ಷೇತ್ರವನ್ನೂ ದೇವರ ಮುಂದೆ ಅಂಗೈಯಲ್ಲಿ ಹಿಡಿಯುವ ನೀರನ್ನೂ ಸೂಚಿಸುತ್ತದೆಯಾದರೂ, ದಾಟು ಎಂಬ ಅರ್ಥದ ‘ತೄ’ ಧಾತುವಿನಿಂದ ಬಂದ ಅದರ ಮೂಲಾರ್ಥ ಹೊಳೆ ದಾಟಲು ಇಳಿಯುವ ಕಡವು ಎಂಬುದು. ಸಂಸಾರವನ್ನು ದಾಟುವ ಕಡವನ್ನು ತೋರಿದವರೆಂಬ ಕಾರಣಕ್ಕೆ ಜೈನರು ಜಿನರನ್ನು ತೀರ್ಥಂಕರರೆಂದು ಕರೆದರು. ಶಾಸನಗಳ ಕೊಪಣ, ಅಂದರೆ ಇಂದಿನ ಕೊಪ್ಪಳ, ಅವರಿಗೆ ಮಹಾತೀರ್ಥವಾಗಿತ್ತು. ಯಾತ್ರೆಯ ಫಲ ತಲುಪುವ ಸ್ಥಳದಲ್ಲಿದೆಯೋ ದಾಟುವ ಕ್ರಿಯೆಯಲ್ಲಿದೆಯೋ ಎಂಬ ಪ್ರಶ್ನೆ ಆದ್ದರಿಂದ ಈ ಜಿಲ್ಲೆಗೆ ಹೊಸದಲ್ಲ.

ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ಈ ಪ್ರಶ್ನೆ ಕಣ್ಣಿಗೇ ಕಾಣುತ್ತದೆ. ಪದ್ಮನಾಭತೀರ್ಥ, ವ್ಯಾಸತೀರ್ಥ ಮೊದಲಾದ ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳು ತುಂಗಭದ್ರೆಯ ನಡುಗಡ್ಡೆಯಲ್ಲಿರುವುದರಿಂದ ಅಲ್ಲಿಗೆ ಹೋಗುವವರು ನೀರನ್ನು ದಾಟಲೇಬೇಕು. ಈ ಹೊಳೆಯ ಹಳೆಯ ಸಾಧನವಾದ ಹರಿಗೋಲು ಬಿದಿರಿನಿಂದ ಹೆಣೆದ ದುಂಡನೆಯ ಬುಟ್ಟಿ. ಹಿಂದೂ ಮುಂದೂ ಇಲ್ಲದ ಅದನ್ನು ಒಂದೇ ಹುಟ್ಟಿನಿಂದ ನಡೆಸುವ ಅಂಬಿಗ, ಸೆಳವು ಕೆಳಕ್ಕೆ ಒಯ್ಯುತ್ತದೆಂದು ಬಲ್ಲವನಾದ್ದರಿಂದ, ಸೇರಬೇಕಾದ ದಡಕ್ಕಿಂತ ಮೇಲಿನಿಂದ ಹೊರಡುತ್ತಾನೆ. ಹೊಳೆ ತುಂಬಿದಾಗ ದಾಟುವುದೇ ನಿಲ್ಲುತ್ತದೆ, ಕಾಯಬೇಕಾಗುತ್ತದೆ. ಆ ಕಾಯುವಿಕೆಯನ್ನು ಯಾತ್ರೆಯ ಹೊರಗಿಡಲು ಯಾವ ಸಮರ್ಥ ಕಾರಣವೂ ಇಲ್ಲ.

ದಾರಿಯ ಈ ಶ್ರಮಕ್ಕೆ ಬೆಲೆಯಿದೆಯೆನ್ನಲು ಇದೇ ಜಿಲ್ಲೆಯ ಬಂಡೆಗಳಲ್ಲಿ ಆಧಾರವಿದೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಕಿರುಬಂಡೆ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಈ ಶಾಸನದ ಹುರುಳು ‘ಪರಾಕ್ರಮ’, ಅಂದರೆ ಧರ್ಮಕ್ಕಾಗಿ ಪಡುವ ಶ್ರಮ: ಅದು ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವನೂ ಶ್ರಮಪಟ್ಟರೆ ಸ್ವರ್ಗವನ್ನು ಪಡೆಯಬಲ್ಲ, ಗಡಿಯಾಚೆಯವರಿಗೂ ಇದು ತಿಳಿಯಲಿ ಎಂದು ಅರಸ ಹೇಳುತ್ತಾನೆ. ಹೊತ್ತೊಯ್ಯಿಸಿಕೊಳ್ಳುವವರ ವಾಹನವಾದ ಪಲ್ಲಕ್ಕಿಯ ಹೆಸರು ಪಡೆದ ಬಂಡೆಯ ಕೆಳಗೆ ಈ ಮಾತು ಕೆತ್ತಿರುವುದು ಆಕಸ್ಮಿಕವಾದರೂ ನೆನಪಿಡತಕ್ಕದ್ದು. ಇದೇ ಶಾಸನದ ಬ್ರಹ್ಮಗಿರಿ ಪಾಠದಲ್ಲಿ ಬರುವ 256 ಎಂಬ ಸಂಖ್ಯೆಯನ್ನು ಅರಸ ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆಯೆಂದು ಹಲವು ವಿದ್ವಾಂಸರು ಅರ್ಥೈಸಿದ್ದಾರೆ.

ಯಾತ್ರೆಯ ಬಗ್ಗೆ ಅಶೋಕನ ಎಂಟನೆಯ ಬಂಡೆ ಶಾಸನ ಇನ್ನೂ ಸ್ಪಷ್ಟವಾಗಿದೆ. ಹಿಂದಿನ ಅರಸರು ಬೇಟೆಯೇ ಮುಖ್ಯವಾದ ‘ವಿಹಾರಯಾತ್ರೆ’ಗಳಿಗೆ ಹೋಗುತ್ತಿದ್ದರೆಂದೂ ತಾನು ಪಟ್ಟಾಭಿಷೇಕವಾಗಿ ಹತ್ತು ವರ್ಷವಾದಾಗ ಸಂಬೋಧಿಗೆ, ಅಂದರೆ ಬುದ್ಧನಿಗೆ ಜ್ಞಾನೋದಯವಾದ ಸ್ಥಳಕ್ಕೆ, ಹೋಗಿ ‘ಧರ್ಮಯಾತ್ರೆ’ಯನ್ನು ಆರಂಭಿಸಿದೆನೆಂದೂ ಹೇಳುವ ಅವನು, ಆ ಯಾತ್ರೆಯಲ್ಲಿ ಏನೇನು ಸೇರಿದೆಯೆಂದು ವಿವರಿಸುತ್ತಾನೆ: ಶ್ರಮಣರನ್ನೂ ಬ್ರಾಹ್ಮಣರನ್ನೂ ಕಂಡು ದಾನ ನೀಡುವುದು, ವೃದ್ಧರನ್ನು ಕಾಣುವುದು, ನಾಡಿನ ಜನರನ್ನು ಭೇಟಿಯಾಗಿ ಧರ್ಮದ ಬಗ್ಗೆ ಮಾತಾಡುವುದು. ಈ ಪಟ್ಟಿಯಲ್ಲಿರುವುದೆಲ್ಲ ಮನುಷ್ಯರ ಭೇಟಿ, ಮತ್ತು ಅದು ಬಹುಮಟ್ಟಿಗೆ ದಾರಿಯಲ್ಲೇ ಆಗತಕ್ಕದ್ದು.

ಸಿಂಹಳದ, ಅಂದರೆ ಶ್ರೀಲಂಕೆಯ, ಬೌದ್ಧ ಇತಿಹಾಸಕಾವ್ಯವಾದ ಮಹಾವಂಸ ಯಾತ್ರೆಯ ದಾರಿಗೆ ಎರಡು ಮಾದರಿಗಳನ್ನು ಕೊಡುತ್ತದೆ. ಅಶೋಕನ ಮಗ ಮಹಿಂದ ಆಕಾಶಮಾರ್ಗದಲ್ಲಿ ಕ್ಷಣದಲ್ಲಿ ದ್ವೀಪಕ್ಕೆ ಇಳಿದನು. ಮಗಳು ಸಂಘಮಿತ್ತೆ ಬೋಧಿವೃಕ್ಷದ ಕೊಂಬೆಯೊಂದಿಗೆ ತಾಮ್ರಲಿಪ್ತಿಯಿಂದ ಹಡಗೇರಿ ಜಂಬುಕೋಲದ ರೇವಿಗೆ ಬಂದಳು, ಅಲ್ಲಿನ ಅರಸ ತಿಸ್ಸನು ಕೊರಳುದ್ದ ನೀರಿಗಿಳಿದು ಆ ಕೊಂಬೆಯನ್ನು ಬರಮಾಡಿಕೊಂಡನು. ಅರಸನೊಬ್ಬ ಅಕ್ಷರಶಃ ತೀರ್ಥಕ್ಕಿಳಿದ ಚಿತ್ರವಿದು. ಬೇರು ಬಿಡಬೇಕಾದದ್ದು ನಿಧಾನವಾಗಿ, ನೀರಿನ ಮೇಲೆಯೇ ಬಂತೆಂದು ಸಂಪ್ರದಾಯ ನೆನಪಿಟ್ಟುಕೊಂಡಿದೆ.

ಕೊಪ್ಪಳದಿಂದ ಶ್ರೀಲಂಕೆಗೆ ನೆಲ ಮತ್ತು ನೀರಿನ ಮೇಲಿನ ಇಂಥ ದಾರಿ ಇಂದಿಗೂ ಕಾರಿನ ಹಂಗಿಲ್ಲದೆ ಸಾಧ್ಯ. ಗಂಗಾವತಿಗೆ 2019ರಲ್ಲಿ, ತಳಕಲ್ಲಿನಿಂದ ಯಲಬುರ್ಗಾ ಸೀಮೆಯನ್ನು ಹಾದು ಕುಷ್ಟಗಿಗೆ 2025ರಲ್ಲಿ ರೈಲು ಬಂದಿದ್ದು, ಜಿಲ್ಲೆಯ ಯಾತ್ರಿಕರು ಹುಬ್ಬಳ್ಳಿ–ಗುಂತಕಲ್ಲು ಮಾರ್ಗವನ್ನು ರೈಲಿನಲ್ಲೇ ಸೇರಬಹುದು. ಗುಂತಕಲ್ಲಿನಿಂದ ಚೆನ್ನೈ ಕಡೆಗೆ ಸಾಗುವ ಹಳಿ ಗುತ್ತಿಯನ್ನು ಹಾಯುತ್ತದೆ. ಧರ್ಮಯಾತ್ರೆಯ ಆ ಎಂಟನೆಯ ಶಾಸನವೂ ಸೇರಿ ಹದಿನಾಲ್ಕು ಶಾಸನಗಳಿರುವ ಎರ್ರಗುಡಿಯ ಬಂಡೆಗಳು ಅಲ್ಲಿಗೆ ಸಮೀಪದಲ್ಲಿವೆ. ಚೆನ್ನೈಯಿಂದ ನಾಗಪಟ್ಟಿಣಂ, ಅಲ್ಲಿಂದ ಸುಮಾರು 110 ಕಿ.ಮೀ. ಸಮುದ್ರ, ಆಚೆ ಕಾಂಕೇಶನ್‌ತುರೈ. ಎರಡು ದೇಶಗಳ ನಡುವೆ 1914ರಲ್ಲಿ ಪಾಂಬನ್ ಸೇತುವೆಯೊಂದಿಗೆ ಆರಂಭವಾದ ಧನುಷ್ಕೋಡಿ–ತಲೈಮನ್ನಾರ್ ಹಡಗಿನ ಸಂಪರ್ಕವನ್ನು 1964ರ ಡಿಸೆಂಬರ್ ಚಂಡಮಾರುತ ಮುರಿಯಿತು. ನಾಗಪಟ್ಟಿಣಂನ ಹಡಗು 2023ರ ಅಕ್ಟೋಬರ್‌ನಲ್ಲಿ ಹೊರಟು, ನಿಂತು, 2024ರ ಆಗಸ್ಟ್‌ನಲ್ಲಿ ಮತ್ತೆ ಹೊರಟಿತು. ಹಿಂಗಾರಿನಲ್ಲಿ ಕಡಲು ಕೆರಳುವುದರಿಂದ ಆ ತಿಂಗಳುಗಳನ್ನು ಬಿಟ್ಟು ಯೋಜಿಸಬೇಕು, ಹಡಗು ತಪ್ಪಿದರೆ ತಂಗಲು ಒಂದೆರಡು ದಿನ ಕೈಯಲ್ಲಿಟ್ಟುಕೊಳ್ಳಬೇಕು. ಅಂಬಿಗ ಸೆಳವಿಗೆ ಬಿಡುವ ಅಂತರವೂ ಇದೇ ಬಗೆಯದು.

ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ‘ಪತನೀಯ’ಗಳಲ್ಲಿ, ಅಂದರೆ ವರ್ಣದಿಂದ ಕೆಡಹುವ ದೋಷಗಳಲ್ಲಿ, ಎಣಿಸಿತ್ತು. ಗಡಿಯಾಚೆಯವರಿಗೂ ತಿಳಿಯಲಿ ಎಂದ ಗವಿಮಠದ ಶಾಸನದೆದುರು ಆ ನಿಷೇಧ ನಿಲ್ಲುವುದಿಲ್ಲ. ಇನ್ನು ವಯಸ್ಸು, ಕಾಯಿಲೆ, ರಜೆಯ ಅಭಾವಗಳಿಂದ ವಿಮಾನ ಏರುವವರಲ್ಲಿ ದೋಷ ಕಾಣುವುದೂ ಅಷ್ಟೇ ಅನ್ಯಾಯ. ಮಹಿಂದನನ್ನು ಯಾರೂ ದೂರಲಿಲ್ಲ. ಆದರೆ ಕಾಲು ಗಟ್ಟಿಯಿರುವವರು, ಸಮಯ ಉಳ್ಳವರು ಸಂಘಮಿತ್ತೆಯ ದಾರಿಯನ್ನು ಆರಿಸಿಕೊಳ್ಳುವುದೇ ಮೇಲು, ಏಕೆಂದರೆ ಅಶೋಕ ವಿವರಿಸಿದ ಧರ್ಮಯಾತ್ರೆಯ ಹೆಚ್ಚಿನ ಅಂಗಗಳು ಆ ದಾರಿಯಲ್ಲೇ ಸಿಗುತ್ತವೆ. ಕಾಂಕೇಶನ್‌ತುರೈ ಶ್ರೀಲಂಕೆಯ ಉತ್ತರ ರೈಲು ಮಾರ್ಗದ ಕೊನೆಯ ನಿಲ್ದಾಣ; ಜಂಬುಕೋಲದ ಹಳೆಯ ರೇವು ಅಲ್ಲಿಂದ ಹೆಚ್ಚು ದೂರವಿಲ್ಲ, ಆ ಕೊಂಬೆಯಿಂದ ಬೆಳೆಯಿತೆಂದು ನಂಬಲಾದ ಮರವಿರುವ ಅನುರಾಧಪುರ ಅದೇ ಹಳಿಯ ಮೇಲಿದೆ. ಹೊರಡುವವರು ಮೊದಲು ಗವಿಮಠದ ಬಂಡೆಯನ್ನೊಮ್ಮೆ ಕಂಡು ಹೊರಡಲಿ. ಅದು ಕೊಪ್ಪಳದ ಊರಲ್ಲೇ ಇದೆ.